ಹತ್ತು ನಿಮಿಷಕ್ಕೆಂದು ಬ್ಯಾಗ್ ಇಳಿಸಿಟ್ಟ ಬೇಟೆಗಾರ: ಹುಡುಕಾಟ, ಬೀಕನ್ ಮತ್ತು ನಾವು ಜೊತೆಗೆ ಇಟ್ಟುಕೊಳ್ಳಬೇಕಾದ್ದು

ಡೆನ್ವರ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಊರು ಸಕಲೇಶಪುರದ ಹತ್ತಿರ, ಕೆಲಸ ಕೊಲರಾಡೊದಲ್ಲಿ. ಐದು ವರ್ಷದಿಂದ ಇಲ್ಲಿನ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯಂಥದ್ದರ, ಹುಡುಕಾಟ ತಂಡದಲ್ಲಿ ಸ್ವಯಂಸೇವಕನಾಗಿದ್ದೇನೆ. ಕಾನೂನಿನ ಪ್ರಕಾರ ಕಾಣೆಯಾದವರನ್ನು ಹುಡುಕುವ ಹೊಣೆ ಇಲ್ಲಿ ಶೆರಿಫ್‌ನದು, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರದು. ಆದರೆ ರಾತ್ರಿ ಎದ್ದು ಬೆಟ್ಟ ಹತ್ತುವವರು ನಮ್ಮಂಥವರೇ. ನಮ್ಮ ತಂಡದಲ್ಲಿ ಶಾಲೆಯ ಟೀಚರ್ ಇದ್ದಾರೆ, ನರ್ಸ್ ಇದ್ದಾರೆ, ನಲ್ಲಿ ರಿಪೇರಿಯವರು ಇದ್ದಾರೆ. ಯಾರಿಗೂ ಸಂಬಳ ಇಲ್ಲ, ಸಿಕ್ಕಿದವರಿಗೆ ಬಿಲ್ಲೂ ಹೋಗುವುದಿಲ್ಲ. ಬೇಟೆಯ ಲೈಸೆನ್ಸ್ ತೆಗೆದುಕೊಳ್ಳುವಾಗ ಅದರಲ್ಲಿ 25 ಸೆಂಟ್ಸ್ ರಕ್ಷಣಾ ನಿಧಿಗೆ ಸೇರುತ್ತದೆ, ತಂಡಗಳ ಖರ್ಚಿಗೆ ಅದರಿಂದ ಸ್ವಲ್ಪ ಬರುತ್ತದೆ.

ಅಕ್ಟೋಬರ್ ಬಂತೆಂದರೆ ನಮ್ಮ ಫೋನು ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಬಂದೂಕಿನ ಬೇಟೆ ಶುರುವಾಗುವ ತಿಂಗಳು ಅದು. ಎಲ್ಕ್ ಅಂತ ಒಂದು ಪ್ರಾಣಿ, ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡದು. ಅದಕ್ಕಾಗಿ ದೂರದೂರದ ರಾಜ್ಯಗಳಿಂದ ಜನ ಬರುತ್ತಾರೆ. ಬಯಲುಸೀಮೆಯಿಂದ ಬಂದವರು ಎರಡೇ ದಿನದಲ್ಲಿ ಹತ್ತು ಸಾವಿರ ಅಡಿ ಎತ್ತರದಲ್ಲಿ ಓಡಾಡುತ್ತಿರುತ್ತಾರೆ.

ಎರಡು ವರ್ಷದ ಹಿಂದಿನ ಒಂದು ಹುಡುಕಾಟದ ವಿಷಯ ಹೇಳಬೇಕು. ಅವರ ಹೆಸರು, ಜಾಗ ಬೇಡ. ಅರವತ್ತು ದಾಟಿದವರು, ಮೂವತ್ತು ವರ್ಷದಿಂದ ಬೇಟೆ ಆಡಿದವರು. ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ಗುಂಡು ಹಾರಿಸಿದ್ದಾರೆ. ಎಲ್ಕ್ ಬೀಳಲಿಲ್ಲ, ಗಾಯಗೊಂಡು ಓಡಿತು. ಭಾರದ ಬ್ಯಾಗನ್ನು ಮರದ ಬುಡಕ್ಕೆ ಇಳಿಸಿ, ಬಂದೂಕು ಮಾತ್ರ ಹಿಡಿದು, ನೆಲದ ಮೇಲಿನ ರಕ್ತದ ಹನಿ ನೋಡಿಕೊಂಡು ಹೊರಟರು. ಹತ್ತು ನಿಮಿಷ ಅಂದುಕೊಂಡಿದ್ದರಂತೆ. ಜೊತೆಗಾರ ಟೆಂಟಿನಲ್ಲಿ ಒಂಬತ್ತರವರೆಗೆ ಕಾದು, ಗಾಡಿ ಓಡಿಸಿಕೊಂಡು ಸಿಗ್ನಲ್ ಇರುವಲ್ಲಿಗೆ ಬಂದು ಫೋನ್ ಮಾಡಿದ. ನಾವು ಅಲ್ಲಿ ಮುಟ್ಟಿದಾಗ ರಾತ್ರಿ ಒಂದು ಗಂಟೆ, ಹಿಮ ಬೀಳಲು ಶುರುವಾಗಿತ್ತು.

ಬೆಳಕು ಹರಿದ ಮೇಲೆ ನನಗೂ ಇನ್ನೊಬ್ಬರಿಗೂ ಆ ಬ್ಯಾಗ್ ಸಿಕ್ಕಿತು. ಮೇಲೆ ನಾಲ್ಕು ಬೆರಳು ಹಿಮ. ಜಿಪ್ ಎಳೆದೆ. ಜಾಕೆಟ್, ನೀರಿನ ಬಾಟಲಿ, ತಲೆಗೆ ಕಟ್ಟುವ ಟಾರ್ಚ್, ಅರ್ಧ ತಿಂದ ಬ್ರೆಡ್ಡು. ಮೇಲಿನ ಚಿಕ್ಕ ಜೇಬಿನಲ್ಲಿ ಹಳದಿ ಬಣ್ಣದ ಬೀಕನ್, ಆಪತ್ತಿನಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ನಾವಿರುವ ಜಾಗ ತಿಳಿಸುವ ಸಾಧನ. ಅಂಗೈಯಷ್ಟು ದೊಡ್ಡದು. ಆಂಟೆನಾ ಮಡಚಿದ್ದು ಮಡಚಿದಂತೆಯೇ ಇತ್ತು, ಗುಂಡಿಯ ಮೇಲಿನ ಸೀಲು ಒಡೆದಿರಲಿಲ್ಲ. ಅವರ ಹೆಂಡತಿ ಹುಟ್ಟುಹಬ್ಬಕ್ಕೆ ಕೊಡಿಸಿದ್ದಂತೆ. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಆದ ಸಂಕಟ ಇವತ್ತಿಗೂ ಹಾಗೇ ಇದೆ.

ಅವರು ಸಿಕ್ಕಿದ್ದು ಸೋಮವಾರ ಬೆಳಿಗ್ಗೆ. ಎರಡು ಏಣು ದಾಟಿ, ಬೇರೆಯದೇ ಕಣಿವೆಯಲ್ಲಿ, ಬ್ಯಾಗಿನಿಂದ ನೇರ ಗೆರೆ ಎಳೆದರೆ ನಾಲ್ಕು ಕಿಲೋಮೀಟರ್. ಮೋಡದಿಂದಾಗಿ ಹೆಲಿಕಾಪ್ಟರ್ ಬರಲು ಆಗಿರಲಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಕಿತ್ತಳೆ ಅಂಗಿಯ ತುಂಡು. ಬಂದೂಕಿನ ಬೇಟೆಯಲ್ಲಿ ಇಲ್ಲಿ 500 ಚದರ ಇಂಚು ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಮೈಮೇಲೆ ಇರಲೇಬೇಕೆಂಬ ನಿಯಮ ಇದೆ. ಅದು ಗುಂಡೇಟು ತಪ್ಪಿಸಲು ಮಾಡಿದ್ದು, ಅವತ್ತು ನಮಗೂ ಉಪಕಾರ ಮಾಡಿತು. ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ ಇದ್ದದ್ದರಿಂದ ಬದುಕಿದ್ದರು. ಕಾಲಿನ ಎರಡು ಬೆರಳು ಹೋದವು. ಭಾನುವಾರ ಮಧ್ಯಾಹ್ನ ನಮ್ಮ ಸೀಟಿ ಅವರಿಗೆ ಕೇಳಿಸಿತ್ತಂತೆ. ಕೂಗಿದರಂತೆ. ಗಾಳಿ ನಮ್ಮ ಕಡೆಯಿಂದ ಬೀಸುತ್ತಿತ್ತು, ಅವರ ಕೂಗು ನಮಗೆ ತಲುಪಲಿಲ್ಲ.

ಬೀಕನ್ ಸೊಂಟದಲ್ಲಿ ಇದ್ದಿದ್ದರೆ ಶನಿವಾರ ರಾತ್ರಿಯೇ ನಾವು ನೇರ ಅಲ್ಲಿಗೆ ನಡೆದು ಹೋಗುತ್ತಿದ್ದೆವು, ಹುಡುಕುವ ಪ್ರಶ್ನೆಯೇ ಬರುತ್ತಿರಲಿಲ್ಲ. ಊರಲ್ಲಿ ಬೇಟೆ ಇಲ್ಲ, ಸರಿ. ಆದರೆ ಬೆಟ್ಟ ಹತ್ತುವವರು ಈಗ ಲೆಕ್ಕವಿಲ್ಲದಷ್ಟು ಜನ. ನೀವೆಲ್ಲ ಏನು ಒಯ್ಯುತ್ತೀರಿ, ಮನೆಯಲ್ಲಿ ಏನು ಹೇಳಿ ಹೋಗುತ್ತೀರಿ ಎಂದು ಕೇಳೋಣ ಅಂತ ಬರೆದೆ.

ಕೊಪ್ಪದ ತೋಟದಿಂದ

ಓದಿ ಮನಸ್ಸು ಭಾರವಾಯಿತು. ನನಗೀಗ ಎಪ್ಪತ್ತಾರು. 1972ರ ಕಾನೂನು ಬರುವುದಕ್ಕೆ ಮುಂಚೆ ನಮ್ಮ ಕಡೆ ಶಿಕಾರಿ ಊರಿನ ಕೆಲಸವೇ ಆಗಿತ್ತು. ಹಳು ನುಗ್ಗಿ ಪ್ರಾಣಿ ಎಬ್ಬಿಸುವವರು ಒಂದು ಕಡೆಯಿಂದ, ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಕಾಯುವ ಜಾಗದಲ್ಲಿ, ನಿಂತವರು ಇನ್ನೊಂದು ಕಡೆ. ನಾನು ಹುಡುಗ, ನಾಯಿ ಹಿಡಿದುಕೊಂಡು ಹೋಗುತ್ತಿದ್ದೆ. ಆಗ ಇದ್ದ ಕಟ್ಟುನಿಟ್ಟು ಒಂದೇ: ಹಳು ಮುಗಿದ ಮೇಲೆ ಹಿರಿಯರು "ಕೂ" ಹಾಕುತ್ತಿದ್ದರು, ಪ್ರತಿಯೊಬ್ಬನೂ ಇದ್ದಲ್ಲಿಂದ ಕೂಗು ಕೊಡಬೇಕು. ತಲೆ ಎಣಿಸದೆ ಯಾರೂ ಮನೆ ಕಡೆ ಹೆಜ್ಜೆ ಇಡುವ ಹಾಗಿರಲಿಲ್ಲ. ಏಟು ತಿಂದ ಹಂದಿಯ ಹಿಂದೆ ಒಬ್ಬನೇ ಹೋಗುವುದಂತೂ ಸುತರಾಂ ಇಲ್ಲ. ಕತ್ತಲಾದರೆ ಬಿಟ್ಟು ಬಂದು ಬೆಳಿಗ್ಗೆ ನಾಯಿ ಜೊತೆ ಹೋಗುತ್ತಿದ್ದರು.

ಒಂದು ಸಲ ಒಬ್ಬರ ಕೂಗು ಬರಲಿಲ್ಲ. ರಾತ್ರಿಯೆಲ್ಲ ದೊಂದಿ ಹಿಡಿದು ಹುಡುಕಿದರು. ಬೆಳಗಿನ ಜಾವ ಸಿಕ್ಕಿದರು, ಅಡಿಕೆ ತೋಟದ ಹಿಂದೆಯೇ, ಕಾಲು ಉಳುಕಿ ಕೂತಿದ್ದರು. ಮನೆಯಿಂದ ಒಂದು ಕೂಗಿನ ದೂರ. ಮಂಜು ಕವಿದರೆ ಅಷ್ಟು ಹತ್ತಿರವೂ ಗೊತ್ತಾಗುವುದಿಲ್ಲ.

ನೀವು ಹೇಳಿದವರಿಗೆ ಮೂವತ್ತು ವರ್ಷದ ಅನುಭವ ಇತ್ತು ಅಂದಿರಿ. ಅನುಭವ ಇದ್ದವರೇ ಒಬ್ಬರೇ ಹೋಗುವುದು.

ಚಾರಣಿಗ84

ಸರ್, ತುಂಬ ಉಪಯೋಗದ ವಿಷಯ ಬರೆದಿದ್ದೀರಿ. ನಾನು ಮೇ ತಿಂಗಳಲ್ಲಿ ಉತ್ತರಾಖಂಡಕ್ಕೆ ಹೋಗುವವನಿದ್ದೇನೆ. ಅಣ್ಣ ಅಮೆರಿಕದಲ್ಲಿದ್ದಾನೆ, ಗಾರ್ಮಿನ್ ಇನ್‌ರೀಚ್ ತಂದುಕೊಡುತ್ತೇನೆ ಅಂತಿದ್ದಾನೆ. ಉಪಗ್ರಹದ ಮೂಲಕ ಮೆಸೇಜ್ ಹೋಗುತ್ತದಂತೆ. ತರಿಸಿಕೊಳ್ಳಲಾ?

ಆಂಟೆನಾ

ಬೇಡ, ದಯವಿಟ್ಟು ಬೇಡ. ಅಣ್ಣನಿಗೆ ಇವತ್ತೇ ಫೋನ್ ಮಾಡಿ ಹೇಳಿ.

ಉಪಗ್ರಹದ ಜೊತೆ ಮಾತಾಡುವ ಫೋನಾಗಲಿ, ಮೆಸೇಜ್ ಕಳಿಸುವ ಸಾಧನವಾಗಲಿ, ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 2008ರ ಮುಂಬೈ ದಾಳಿಯಲ್ಲಿ ಬಂದವರು ಉಪಗ್ರಹ ಫೋನ್ ಬಳಸಿದ್ದರು, ಆಮೇಲೆ ಬಿಗಿ ಇನ್ನೂ ಹೆಚ್ಚಾಯಿತು. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಒಬ್ಬ ವಿದೇಶಿ ಮಹಿಳೆಯನ್ನು ಇದೇ ಇನ್‌ರೀಚ್ ಬ್ಯಾಗಿನಲ್ಲಿದ್ದ ಕಾರಣಕ್ಕೆ ತಡೆದು ಪೊಲೀಸರಿಗೆ ಒಪ್ಪಿಸಿದರು. ಅವರೂ ಬೆಟ್ಟಗುಡ್ಡದಲ್ಲಿ ಸುರಕ್ಷತೆಗೆಂದೇ ಇಟ್ಟುಕೊಂಡಿದ್ದವರು. ಅಮೆರಿಕದಲ್ಲಿ 2022ರ ನವೆಂಬರಿನಿಂದ ಐಫೋನ್ 14ರಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಅದೇ ಫೋನನ್ನು ಇಲ್ಲಿಗೆ ತಂದರೆ ಆ ಸೌಲಭ್ಯ ಇಲ್ಲ.

ಎರಡು ಬಗೆಯ ಸಾಧನಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಇನ್‌ರೀಚ್‌ನಂಥದ್ದಕ್ಕೆ ತಿಂಗಳ ಚಂದಾ ಕಟ್ಟಬೇಕು, ಖಾಸಗಿ ಉಪಗ್ರಹಗಳ ಮೂಲಕ ಹೋಗುತ್ತದೆ, ಎರಡೂ ಕಡೆಯಿಂದ ಮಾತುಕತೆ ಆಗುತ್ತದೆ. ಕಾಲು ಮುರಿದಿದೆಯೋ, ಬರೀ ದಾರಿ ತಪ್ಪಿದೆಯೋ ಬರೆದು ತಿಳಿಸಬಹುದು. ಡೆನ್ವರ್‌ನವರು ಹೇಳಿದ ಹಳದಿ ಬೀಕನ್ ಬೇರೆ, ಅದನ್ನು ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಅನ್ನುತ್ತಾರೆ. ಚಂದಾ ಇಲ್ಲ. ಆಂಟೆನಾ ಬಿಚ್ಚಿ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಐದು ವಾಟ್ ಬಲದ ಸಂಕೇತ ಕಾಸ್ಪಾಸ್-ಸಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಉಪಗ್ರಹಗಳಿಗೆ ಹೋಗುತ್ತದೆ. ಜಿಪಿಎಸ್ ಇದ್ದರೆ ಜಾಗ ನೂರು ಮೀಟರಿನೊಳಗೆ ಗೊತ್ತಾಗುತ್ತದೆ. ಹತ್ತಿರ ಬಂದ ಮೇಲೆ ಹುಡುಕುವವರು ಮೂಸಿ ಹಿಡಿಯುವ ಹಾಗೆ 121.5 ಮೆಗಾಹರ್ಟ್ಸ್‌ನಲ್ಲಿ ಇನ್ನೊಂದು ಸಣ್ಣ ಸಂಕೇತ. ಒಮ್ಮೆ ಹಚ್ಚಿದರೆ ಚಳಿಯಲ್ಲೂ ಕನಿಷ್ಠ 24 ಗಂಟೆ ಕೂಗುತ್ತಿರಬೇಕು.

ಕನ್ನಡಿಗರು ತಿಳಿದಿರಬೇಕಾದ ಮಾತೊಂದಿದೆ. ಇಂಥ ಸಂಕೇತಗಳನ್ನು ಭಾರತದ ಪರವಾಗಿ ಹಿಡಿಯುವ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲೇ, ಪೀಣ್ಯದಲ್ಲಿರುವ ಇಸ್ರೋದ ಉಪಗ್ರಹ ಜಾಡು ಹಿಡಿಯುವ ಕೇಂದ್ರ ಇಸ್ಟ್ರಾಕ್‌ನಲ್ಲಿ. ನೆಲದ ಮೇಲಿನ ಆಂಟೆನಾಗಳು ಬೆಂಗಳೂರು ಮತ್ತು ಲಖನೌನಲ್ಲಿ. ನಮ್ಮ ದೇಶಕ್ಕಷ್ಟೇ ಅಲ್ಲ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್, ಬಾಂಗ್ಲಾದೇಶ, ದೂರದ ಟಾಂಜಾನಿಯಾದ ಸಂಕೇತಗಳನ್ನೂ ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ಪೀಣ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ: ಆ ಕಾಂಪೌಂಡಿನೊಳಗೆ ಯಾರೋ ಒಬ್ಬರು ಯಾರದೋ ಕೂಗಿಗೆ ಕಿವಿ ಕೊಟ್ಟು ಕೂತಿದ್ದಾರೆ.

ಡೆನ್ವರ್ ಕನ್ನಡಿಗ

ಆಂಟೆನಾ ಅವರಿಗೆ ಧನ್ಯವಾದ, ನಾನು ಬರೆಯಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಬರೆದಿದ್ದೀರಿ. ಒಂದು ಸೇರಿಸುತ್ತೇನೆ. ಪಿಎಲ್‌ಬಿ ಕೊಂಡರೆ ಸಾಲದು, ನೋಂದಾಯಿಸಬೇಕು. ಅಮೆರಿಕದಲ್ಲಿ ಅದು ನೋವಾ ಎಂಬ ಸರ್ಕಾರಿ ಹವಾಮಾನ ಮತ್ತು ಸಾಗರ ಸಂಸ್ಥೆಯಲ್ಲಿ, ಉಚಿತ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಪ್ರತಿ ಬೀಕನ್‌ಗೂ ಹದಿನೈದು ಅಕ್ಷರದ ಗುರುತು ಸಂಖ್ಯೆ ಇರುತ್ತದೆ. ಸಂಕೇತ ಬಂದ ತಕ್ಷಣ ಅಧಿಕಾರಿಗಳು ಮೊದಲು ಮಾಡುವ ಕೆಲಸ ಆ ಸಂಖ್ಯೆಯ ಎದುರಿಗೆ ಬರೆದ ಫೋನ್‌ಗೆ ಕರೆ ಮಾಡುವುದು. ಹೆಂಡತಿ ಫೋನ್ ಎತ್ತಿ "ಹೌದು, ಅವರು ಬೇಟೆಗೆ ಹೋಗಿದ್ದಾರೆ, ಜೊತೆಗೆ ಒಬ್ಬರಿದ್ದಾರೆ, ಸಕ್ಕರೆ ಕಾಯಿಲೆ ಇದೆ" ಅಂದರೆ ನಾವು ಏನೇನು ಹೊತ್ತು ಹೊರಡಬೇಕೋ ಗೊತ್ತಾಗುತ್ತದೆ. ಆ ಸಂಖ್ಯೆ ಹಳೆಯದಾಗಿದ್ದರೆ, ಅಲಮಾರಿನಲ್ಲಿ ಮಗು ಗುಂಡಿ ಒತ್ತಿದ್ದೋ ನಿಜವಾದ ಆಪತ್ತೋ ಎಂದು ತಿಳಿಯುವುದಕ್ಕೇ ಹೊತ್ತು ಹೋಗುತ್ತದೆ. ಬ್ಯಾಟರಿಯ ಮೇಲೆ ಬರೆದ ತಾರೀಕನ್ನೂ ನೋಡಬೇಕು.

ಬೀಕನ್‌ಗಳ ಕಥೆಯ ಹಿಂದೆಯೂ ಒಂದು ಹುಡುಕಾಟ ಇದೆ. 1972ರ ಅಕ್ಟೋಬರ್ 16ರಂದು ಅಲಾಸ್ಕಾದಲ್ಲಿ ಆಂಕರೇಜ್‌ನಿಂದ ಜೂನೋಗೆ ಹೊರಟ ಸಣ್ಣ ಸೆಸ್ನಾ ವಿಮಾನ ಕಾಣೆಯಾಯಿತು. ಅದರಲ್ಲಿ ಅಮೆರಿಕದ ಸಂಸತ್ತಿನ ಇಬ್ಬರು ಸದಸ್ಯರಿದ್ದರು, ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್. 39 ದಿನ ಹುಡುಕಿದರು. ಇವತ್ತಿನವರೆಗೂ ಅದರ ಒಂದು ತುಂಡೂ ಸಿಕ್ಕಿಲ್ಲ. ತನಿಖೆಯಲ್ಲಿ ಗೊತ್ತಾಗಿದ್ದು, ಪೈಲಟ್‌ನ ಬಳಿ ಕೈಯಲ್ಲಿ ಒಯ್ಯುವ ಬೀಕನ್ ಇತ್ತು, ಅದು ಫೇರ್‌ಬ್ಯಾಂಕ್ಸ್‌ನಲ್ಲಿದ್ದ ಬೇರೆ ವಿಮಾನದಲ್ಲಿ ಉಳಿದಿತ್ತು. ವಿಮಾನಗಳಲ್ಲಿ ಬೀಕನ್ ಇರಲೇಬೇಕು ಎಂಬ ಮಾತಿಗೆ ಆ ಘಟನೆಯಿಂದ ಬಲ ಬಂತು. ಉಪಗ್ರಹದಿಂದ ಕೂಗು ಕೇಳಿಸಿಕೊಳ್ಳುವ ಯೋಚನೆಗೆ ಬಲ ಬಂದದ್ದೂ ಅಲ್ಲಿಂದಲೇ. ಹತ್ತು ವರ್ಷ ಕಳೆದು, 1982ರ ಸೆಪ್ಟೆಂಬರ್ 10ರಂದು, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿದ್ದ ಪುಟ್ಟ ವಿಮಾನವನ್ನು ಆಗಷ್ಟೇ ಹಾರಿದ್ದ ಸೋವಿಯತ್ ಉಪಗ್ರಹ ಗುರುತಿಸಿತು. ಮೂವರು ಬದುಕಿದರು. ಈ ವ್ಯವಸ್ಥೆಯ ಮೊದಲ ಗೆಲುವು ಅದು. ಶೀತಲ ಸಮರದ ನಡುವೆ ಅಮೆರಿಕ, ರಷ್ಯ, ಕೆನಡಾ, ಫ್ರಾನ್ಸ್ ಒಟ್ಟಿಗೆ ಕೂತು ಕಟ್ಟಿದ್ದು ಇದು ಅನ್ನುವುದು ನನಗೆ ಈಗಲೂ ದೊಡ್ಡ ವಿಷಯ.

ಮಲ್ಪೆ ಬಂದರು

ನನಗೆ ಬೇಟೆ ಗೊತ್ತಿಲ್ಲ ಮಾರಾಯ್ರೆ, ಕಡಲು ಗೊತ್ತುಂಟು. ಹುಡುಕಾಟ ಅಂದ್ರೆ ಏನು ಅಂತಲೂ ಗೊತ್ತುಂಟು.

2018ರ ಡಿಸೆಂಬರ್ 13ಕ್ಕೆ ಇಲ್ಲಿಂದ ಸುವರ್ಣ ತ್ರಿಭುಜ ಬೋಟು ಹೊರಟಿತು. ಏಳು ಜನ. 15ರ ರಾತ್ರಿಯ ನಂತರ ಮಾತಿಲ್ಲ. ವಯರ್‌ಲೆಸ್‌ನಲ್ಲಿ ಕರೆದೇ ಕರೆದದ್ದು. ಕೋಸ್ಟ್ ಗಾರ್ಡ್, ನೌಕಾಪಡೆ, ನಮ್ಮ ಬೋಟಿನವರು, ಮಹಾರಾಷ್ಟ್ರ ಕಡೆಯವರು, ಎಲ್ಲರೂ ಹುಡುಕಿದರು. ಜನವರಿಯಲ್ಲಿ ನಾವು ಮೀನುಗಾರರು ಬೀದಿಗೆ ಇಳಿದು ಹೆದ್ದಾರಿ ತಡೆದೆವು. ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಿಗೆ, ಮಹಾರಾಷ್ಟ್ರದ ಮಾಲ್ವಣದ ಆಚೆ, ಅರವತ್ತು ಮೀಟರ್ ಆಳದಲ್ಲಿ. ನಾಲ್ಕೂವರೆ ತಿಂಗಳು ಆ ಮನೆಯವರು ಹೇಗೆ ದಿನ ತೆಗೆದಿರಬಹುದು ನೀವೇ ಹೇಳಿ. ಸತ್ತಿದ್ದಾರೆ ಅಂತ ಬೊಜ್ಜ ಮಾಡುವ ಹಾಗೂ ಇಲ್ಲ, ಬರ್ತಾರೆ ಅಂತ ಬಾಗಿಲು ತೆರೆದಿಡುವ ಹಾಗೂ ಇಲ್ಲ.

ಈಗ ಇಸ್ರೋದ ಡ್ಯಾಟ್ ಅಂತ ಬಂದುಂಟು. ಬೋಟಿನಲ್ಲಿ ಇಡುವುದು. ಬೆಂಕಿ, ಮುಳುಗುವುದು, ಯಾರಿಗಾದರೂ ಹುಷಾರಿಲ್ಲ, ಹೀಗೆ ಬೇರೆ ಬೇರೆ ಗುಂಡಿ. ಒತ್ತಿದರೆ ನಮ್ಮ ಉಪಗ್ರಹದ ಮೂಲಕ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗ್ತದೆ. ಮೊದಲಿನದರಲ್ಲಿ ಒಂದು ಕೊರತೆ ಇತ್ತು. ಗುಂಡಿ ಒತ್ತಿ ಆಯ್ತು, ಕೇಳಿತಾ ಇಲ್ಲವಾ ಅಂತ ನಮಗೆ ಗೊತ್ತಾಗುವುದಿಲ್ಲ. 2024ರ ಜನವರಿಯಲ್ಲಿ ಬಂದ ಎರಡನೆಯ ತಲೆಮಾರಿನ ಡ್ಯಾಟ್‌ನಲ್ಲಿ ವಾಪಸು ಉತ್ತರ ಬರ್ತದೆ, ನಿಮ್ಮ ಕೂಗು ಮುಟ್ಟಿದೆ ಅಂತ. ಕಡಲಿನ ನಡುವೆ ಕತ್ತಲಲ್ಲಿ ಆ ಒಂದು ಉತ್ತರಕ್ಕೆ ಎಷ್ಟು ಬೆಲೆ ಅಂತ ದಡದಲ್ಲಿ ಕೂತವರಿಗೆ ಹೇಳಿದರೆ ಅರ್ಥ ಆಗ್ಲಿಕ್ಕಿಲ್ಲ.

ಆದ್ರೆ ನಾನು ಕಂಡದ್ದು ಹೇಳ್ತೇನೆ. ಕೆಲವು ಬೋಟಿನಲ್ಲಿ ಅದನ್ನು ಹಾಳಾಗ್ತದೆ ಅಂತ ಪ್ಲಾಸ್ಟಿಕ್ ಸುತ್ತಿ, ಐಸ್ ಕೋಣೆಯ ಹತ್ತಿರ ಪೆಟ್ಟಿಗೆಯೊಳಗೆ ಇಟ್ಟಿರ್ತಾರೆ. ನಿಮ್ಮ ಬೇಟೆಗಾರನ ಬ್ಯಾಗಿನ ಹಾಗೆಯೇ.

ಧಾರವಾಡದಾಂವ

ನಾ ಹೇಳೋದು ಸ್ವಲ್ಪ ಬ್ಯಾರೆ ಅದ ರೀ, ತಪ್ಪ ತಿಳೀಬ್ಯಾಡ್ರಿ. ಕಿಸೆದಾಗ ಮಷಿನ್ ಅದ ಅಂದ ಕೂಡ್ಲೇ ಮಂದಿಗೆ ಇಲ್ಲದ ಧೈರ್ಯ ಬರ್ತದ. ನಮ್ಮ ಗೆಳೆಯಾ ಒಬ್ಬಾಂವ ಸೈಕಲ್ ಮ್ಯಾಲೆ ಜೋಯಿಡಾ ಕಡೆ ಹೋಗಿದ್ದ. ಫೋನಿನ್ಯಾಗ ಮ್ಯಾಪ್ ಅದ ಅಂತ ಹಳ್ಯಾಗ ಯಾರನ್ನೂ ದಾರಿ ಕೇಳ್ಲಿಲ್ಲ. ಸಂಜಿಮುಂದ ಚಾರ್ಜ್ ಹೋತು. ಇಡೀ ರಾತ್ರಿ ಗಿಡದ ಕೆಳಗ ಕುಂತ. ಮುಂಜಾನೆ ದನಾ ಕಾಯೋ ಗೌಳಿ ಹುಡುಗ ಕರಕೊಂಡು ಬಂದ. ಕೊಪ್ಪದ ಹಿರಿಯರು ಹೇಳಿದ "ಕೂ" ಅದಲ್ಲ, ಅದು ಬೇಕು ನಮಗ. ಮಷಿನ್ ಆಮ್ಯಾಲೆ.

ಡೆನ್ವರ್ ಕನ್ನಡಿಗ

ನೀವು ಹೇಳಿದ್ದು ನಿಜ, ನಾನೇ ನೋಡಿದ್ದೇನೆ. ಕಾಲು ಸೋತಿದೆ ಎಂದು ಗುಂಡಿ ಒತ್ತಿದವರಿದ್ದಾರೆ. ಅಂಥ ಒಂದು ರಾತ್ರಿ ನಮ್ಮ ತಂಡದ ಹುಡುಗಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಹಾಗಿದ್ದರೂ ಒಯ್ಯಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ಕಾಲು ನೋವಿನವರು ಒತ್ತಿದಾಗ ನಮಗೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ. ಒತ್ತಬೇಕಾದವರು ಒತ್ತದಿದ್ದಾಗ ಏನು ಹೋಗುತ್ತದೆ ಎನ್ನುವುದನ್ನೂ ನಾನು ಹೊತ್ತು ತಂದಿದ್ದೇನೆ. ಅದರ ಬಗ್ಗೆ ಇಲ್ಲಿ ಬರೆಯಲಾರೆ.

ಚಾರಣಿಗ84

ಅಣ್ಣನಿಗೆ ಬೇಡ ಅಂತ ಹೇಳಿದೆ. ಆದರೆ ಮನಸ್ಸಿಗೆ ಸಮಾಧಾನ ಇಲ್ಲ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಆದದ್ದು ನೆನಪಿರಬೇಕಲ್ಲ. 22 ಜನರ ತಂಡ, ಹೆಚ್ಚಿನವರು ನಮ್ಮ ಕರ್ನಾಟಕದವರು. ಇಳಿಯುವಾಗ ಹಿಮಗಾಳಿ ಎದ್ದಿತು, ಮುಂದೆ ಏನೂ ಕಾಣದೆ ಅಲ್ಲೇ ಸಿಕ್ಕಿಕೊಂಡರು. ಒಂಬತ್ತು ಜನ ಹೋದರು. ಸಿಗ್ನಲ್ ಸಿಗುವ ಕಡೆಗೆ ನಡೆದು ಬಂದವರಿಂದ ಸುದ್ದಿ ಹೊರಗೆ ಬಂದ ಮೇಲೆಯೇ ವಾಯುಪಡೆಯ ಹೆಲಿಕಾಪ್ಟರ್‌ಗಳು ಹೋದವು, ಉಳಿದ ಹದಿಮೂರು ಜನ ಬದುಕಿ ಬಂದರು. ಆ ದಿನ ಬೆಂಗಳೂರಿನಲ್ಲಿ ಚಾರಣ ಮಾಡುವವರ ಗುಂಪುಗಳಲ್ಲೆಲ್ಲ ಬರೀ ಹೆಸರು ಕೇಳುವ ಮೆಸೇಜು. ಅವಳು ಆ ತಂಡದಲ್ಲಿ ಇದ್ದಾಳಾ, ಇವನು ಇದ್ದಾನಾ ಅಂತ.

ಬೀಕನ್ ಇದ್ದಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆ ಗಾಳಿಯಲ್ಲಿ ಹೆಲಿಕಾಪ್ಟರ್ ಹಾರುತ್ತಿತ್ತೋ ಇಲ್ಲವೋ. ಆದರೆ ಗಡಿಯ ಭದ್ರತೆಯೂ ಬೇಕು, ಬೆಟ್ಟದ ಮೇಲಿರುವವರ ಜೀವವೂ ಬೇಕು. ಮೀನುಗಾರರಿಗೆ ಡ್ಯಾಟ್ ಕೊಟ್ಟ ದೇಶ ನಮ್ಮದು. ಅಂಥದ್ದೇ ಒಂದನ್ನು, ನಮ್ಮ ಉಪಗ್ರಹದ್ದೇ, ಚಾರಣದ ತಂಡಕ್ಕೊಂದರಂತೆ ಪರವಾನಗಿಯ ಜೊತೆಗೇ ಬಾಡಿಗೆಗೆ ಕೊಡಲಿ. ವಾಪಸು ಬಂದ ಮೇಲೆ ಒಪ್ಪಿಸುತ್ತೇವೆ.

ಆಂಟೆನಾ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಈಗಲೂ ಕಾನೂನುಬದ್ಧ ದಾರಿ ಒಂದಿದೆ: ಇಲಾಖೆಯ ಅನುಮತಿಯೊಂದಿಗೆ ಬಿಎಸ್‌ಎನ್‌ಎಲ್ ಉಪಗ್ರಹ ಫೋನ್ ಕೊಡುತ್ತದೆ. ಒಬ್ಬಿಬ್ಬರಿಗೆ ಅದು ಆಗುವ ಮಾತಲ್ಲ, ಆದರೆ ಚಾರಣ ನಡೆಸುವ ಸಂಸ್ಥೆಗಳಿಗೆ ಆಗುತ್ತದೆ. ದುಡ್ಡು ಕಟ್ಟುವ ಮೊದಲು "ನಿಮ್ಮ ಬಳಿ ಅನುಮತಿ ಪಡೆದ ಉಪಗ್ರಹ ಫೋನ್ ಇದೆಯಾ, ಯಾರ ಕೈಯಲ್ಲಿ ಇರುತ್ತದೆ" ಎಂದು ಕೇಳಿ. ಹತ್ತು ಜನ ಕೇಳಿದರೆ ತರುತ್ತಾರೆ.

ಮೂಡಿಗೆರೆ ಗೈಡ್

ನಾನು ಹದಿನಾಲ್ಕು ವರ್ಷದಿಂದ ಜನರನ್ನು ಗುಡ್ಡ ಹತ್ತಿಸುತ್ತಿದ್ದೇನೆ. ನಮ್ಮ ಕಡೆ ದಾರಿ ತಪ್ಪುವುದು ಹೇಗೆ ಅಂತ ಹೇಳುತ್ತೇನೆ, ಹಿಮಾಲಯದ ವಿಷಯ ನನಗೆ ಗೊತ್ತಿಲ್ಲ.

ನಮ್ಮಲ್ಲಿ ದಾರಿ ತಪ್ಪಿಸುವುದು ಕಾಟಿ, ಅಂದರೆ ಕಾಡುಕೋಣ. ಹುಲ್ಲುಗುಡ್ಡದ ಮೇಲೆ ಕಾಟಿ ಓಡಾಡಿದ ದಾರಿ ಮನುಷ್ಯರ ದಾರಿಗಿಂತ ಚೆನ್ನಾಗಿರುತ್ತದೆ. ಅಗಲ, ಮೆತ್ತಗೆ, ಹುಲ್ಲೆಲ್ಲ ಮಲಗಿರುತ್ತದೆ. ಬೆಂಗಳೂರಿನಿಂದ ಬಂದವರು ಇದೇ ದಾರಿ ಅಂತ ಹೋಗುತ್ತಾರೆ. ಅದು ಸೀದಾ ಕಣಿವೆಯ ದಟ್ಟ ಶೋಲಕಾಡಿನೊಳಗೆ ಇಳಿಯುತ್ತದೆ, ಒಳಗೆ ಹತ್ತು ಹೆಜ್ಜೆಗೆ ಹತ್ತು ಕವಲು. ತಲೆ ಎತ್ತಿ ನೋಡಿದರೆ ಎದೆಮಟ್ಟಕ್ಕೆ ಬಳ್ಳಿ ಅಡ್ಡ ಇರುತ್ತದೆ. ಮನುಷ್ಯರ ದಾರಿಯಲ್ಲಿ ಮುಖದ ಎತ್ತರಕ್ಕೆ ಬಳ್ಳಿ ಇರುವುದಿಲ್ಲ, ಯಾರಾದರೂ ಕತ್ತಿಯಲ್ಲಿ ಸವರಿರುತ್ತಾರೆ. ಬಳ್ಳಿ ಮುಖಕ್ಕೆ ಬಡಿಯಲು ಶುರುವಾದರೆ ಅಲ್ಲೇ ನಿಲ್ಲಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ಇನ್ನೊಂದು, ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಘಟ್ಟದಲ್ಲಿ ಹಳ್ಳ ಇಳಿದರೆ ಮೊದಲು ಸಿಗುವುದು ಜಲಪಾತದ ನೆತ್ತಿ. ಮಳೆಗಾಲದಲ್ಲಿ ಪಾಚಿಗಲ್ಲು, ಕಾಲಿಟ್ಟರೆ ಮುಗಿಯಿತು.

ಮಂಜು ಕವಿದರೆ ಕುಳಿತುಬಿಡಿ. ನಿಮ್ಮನ್ನು ಹುಡುಕಲು ಬರುವುದು ನಾವೇ, ಊರಿನ ಹುಡುಗರು, ಫಾರೆಸ್ಟಿನ ವಾಚರ್‌ಗಳು. ನೀವು ಒಂದು ಕಡೆ ಇದ್ದರೆ ಸಿಗುತ್ತೀರಿ. ನಾವು ಬರುತ್ತಾ ನೀವು ಹೋಗುತ್ತಾ ಇದ್ದರೆ ಹೇಗೆ ಸಿಗುವುದು? ಐವತ್ತು ರೂಪಾಯಿಯ ಸೀಟಿ ಕೊರಳಿಗೆ ಹಾಕಿಕೊಳ್ಳಿ. ಮೂರು ಸಲ ಊದಿ, ನಿಲ್ಲಿಸಿ ಕಿವಿಗೊಡಿ, ಮತ್ತೆ ಮೂರು ಸಲ. ಗಂಟಲು ಅರ್ಧ ಗಂಟೆಗೆ ಕಟ್ಟುತ್ತದೆ, ಸೀಟಿ ಕಟ್ಟುವುದಿಲ್ಲ.

ಪರ್ಮಿಟ್ ಇಲ್ಲದೆ ಹಿಂದಿನ ದಾರಿಯಿಂದ ಹತ್ತುವವರಿಗೆ ಒಂದು ಮಾತು. ಈಗ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಬುಕ್ ಮಾಡಿ ಬಂದರೆ ನಿಮ್ಮ ಹೆಸರು ಗೇಟಿನಲ್ಲಿ ಇರುತ್ತದೆ. ಸಂಜೆ ಐವತ್ತು ಜನ ಹತ್ತಿ ನಲವತ್ತೊಂಬತ್ತು ಇಳಿದರೆ ಗೊತ್ತಾಗುತ್ತದೆ. ಕದ್ದು ಹತ್ತಿದವರು ಆ ಐವತ್ತರಲ್ಲಿ ಇಲ್ಲವೇ ಇಲ್ಲ.

ಆಂಟೆನಾ

ಗೈಡ್ ಅಣ್ಣ ಹೇಳಿದ್ದಕ್ಕೆ ಫೋನಿನ ಕಡೆಯಿಂದ ಎರಡು ಮಾತು. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಅದು ಉಪಗ್ರಹದಿಂದ ಬರೀ ಕೇಳಿಸಿಕೊಳ್ಳುವ ಕೆಲಸ, ಅದಕ್ಕೆ ಟವರ್ ಬೇಡ. ಮನೆಯಲ್ಲೇ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು, ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟರೆ ಬ್ಯಾಟರಿಯೂ ಉಳಿಯುತ್ತದೆ. ಮತ್ತೆ, ನಿಮ್ಮ ಸಿಮ್‌ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಕರೆ ಬೇರೆ ಯಾವುದೇ ಕಂಪನಿಯ ಟವರ್ ಮೂಲಕ ಹೋಗುತ್ತದೆ. ಫೋನ್ "ಸೇವೆ ಇಲ್ಲ" ಅಂದಾಗಲೂ ಒಮ್ಮೆ ಪ್ರಯತ್ನಿಸಿ.

2022ರ ಫೆಬ್ರವರಿ 20ರಂದು ನಂದಿಬೆಟ್ಟದ ಬಳಿ ಬ್ರಹ್ಮಗಿರಿಯಲ್ಲಿ ಒಬ್ಬ ವಿದ್ಯಾರ್ಥಿ ಜಾರಿ ಮುನ್ನೂರು ಅಡಿ ಕೆಳಗೆ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಫೋನಿನಲ್ಲಿ ತಾನಿರುವ ಲೊಕೇಶನ್ ಪೊಲೀಸರಿಗೆ ಕಳಿಸಿದ. ಯಲಹಂಕದಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂದು ಹಗ್ಗ ಇಳಿಸಿ ಎತ್ತಿತು. ಪೊಲೀಸರು ಅವನನ್ನು ಹುಡುಕಬೇಕಾಗಲಿಲ್ಲ, ತಲುಪುವುದಷ್ಟೇ ಕಷ್ಟವಿತ್ತು.

ಮೈಸೂರು ಅಮ್ಮ

ನಾನು ಬೆಟ್ಟ ಹತ್ತುವವಳಲ್ಲ. ಮಗ ಹತ್ತುತ್ತಾನೆ. ಬೆಂಗಳೂರಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಬ್ಯಾಗ್ ಏರಿಸಿದರೆ ಭಾನುವಾರ ರಾತ್ರಿಯೇ ಫೋನು. ಹೋದ ವರ್ಷ ಒಂದು ಭಾನುವಾರ ರಾತ್ರಿ ಎರಡು ಗಂಟೆಯಾದರೂ ಫೋನ್ ಬರಲಿಲ್ಲ. ಇವರೂ ನಾನೂ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಅಲ್ಲಿದ್ದವರು ಕೂರಿಸಿ, ನೀರು ಕೊಟ್ಟು, ಕೇಳಿದರು. ಯಾವ ಬೆಟ್ಟ? ಚಿಕ್ಕಮಗಳೂರು ಕಡೆ ಅಂದೆ. ಯಾರ ಜೊತೆ? ಆಫೀಸಿನ ಹುಡುಗರು. ಹೆಸರು? ಗೊತ್ತಿಲ್ಲ. ಯಾವ ಗಾಡಿ? ಗೊತ್ತಿಲ್ಲ. ಯಾವ ಬಣ್ಣದ ಅಂಗಿ? ಹೆತ್ತು ಬೆಳೆಸಿದ ಮಗನ ಬಗ್ಗೆ ಒಂದಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ನಾಲ್ಕು ಗಂಟೆಗೆ ಅವನೇ ಫೋನ್ ಮಾಡಿದ, ಗಾಡಿ ಕೆಟ್ಟಿತ್ತಂತೆ. ಆ ಎರಡು ಗಂಟೆ ನಾನು ಮರೆಯುವುದಿಲ್ಲ.

ಅವನು ಹೋಗುವುದನ್ನು ನಾನು ತಡೆಯಲಾರೆ, ತಡೆಯುವುದೂ ಇಲ್ಲ. ಮನೆಯಲ್ಲಿರುವ ನಾವು ಏನು ಇಟ್ಟುಕೊಂಡಿರಬೇಕು? ಅದನ್ನು ಹೇಳಿ.

ಡೆನ್ವರ್ ಕನ್ನಡಿಗ

ಅಮ್ಮ, ನಿಮ್ಮ ಪ್ರಶ್ನೆ ಓದಿ ಅನ್ನಿಸಿತು, ನಾನು ಮೊದಲು ಬರೆಯಬೇಕಾಗಿದ್ದು ಇದನ್ನೇ. ಬೀಕನ್ ಇದ್ದರೂ ಇಲ್ಲದಿದ್ದರೂ, ಹುಡುಕಾಟ ಶುರುವಾಗುವುದು ಮನೆಯಲ್ಲಿ ಇರುವವರಿಂದ. ಆ ಬೇಟೆಗಾರರ ಮನೆಯವರೂ ನಮಗೆ ಹೇಳಿದ್ದು "ಪ್ರತಿ ವರ್ಷ ಹೋಗುವ ಜಾಗ" ಅಂತ ಅಷ್ಟೇ. ಲೈಸೆನ್ಸಿನಲ್ಲಿ ಬೇಟೆಯ ವಲಯದ ಸಂಖ್ಯೆ ಇತ್ತು, ಆದರೆ ಒಂದೊಂದು ವಲಯ ಅಂದರೆ ನಮ್ಮ ಒಂದು ತಾಲ್ಲೂಕಿನಷ್ಟು.

ಮಗನಿಗೆ ಒಂದು ಕಾಗದ ಬರೆದಿಟ್ಟು ಹೋಗಲು ಹೇಳಿ. ಬೆಟ್ಟದ ಹೆಸರು, ಯಾವ ಊರಿನಿಂದ ಹತ್ತಿ ಯಾವ ಊರಿಗೆ ಇಳಿಯುವುದು, ಗಾಡಿಯ ನಂಬರು ಮತ್ತು ಎಲ್ಲಿ ನಿಲ್ಲಿಸುತ್ತಾರೆ, ಜೊತೆಗಾರರಲ್ಲಿ ಇಬ್ಬರ ಫೋನ್, ಅವರ ಮನೆಯವರ ಫೋನ್. ಅಂಗಿಯ ಬಣ್ಣ, ಬ್ಯಾಗಿನ ಬಣ್ಣ. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು. ಎಲ್ಲಕ್ಕಿಂತ ಮುಖ್ಯ, ಗಂಟೆ. "ಭಾನುವಾರ ರಾತ್ರಿ ಎಂಟರೊಳಗೆ ಫೋನ್ ಬರದಿದ್ದರೆ ಇವರಿಗೆ ಮಾಡು, ಹತ್ತರೊಳಗೆ ಬರದಿದ್ದರೆ 112ಕ್ಕೆ ಮಾಡು" ಎಂದು ಅವನ ಕೈಯಲ್ಲೇ ಬರೆಸಿ. ಆಗ ನಿಮಗೆ ಸಂಕೋಚ ಇರುವುದಿಲ್ಲ. ಸುಮ್ಮನೆ ಗಾಬರಿಯಾದೆ ಅಂದುಕೊಂಡಾರು ಎಂದು ಎಷ್ಟೋ ಮನೆಯವರು ಬೆಳಗಿನವರೆಗೆ ಕಾಯುತ್ತಾರೆ. ಆ ರಾತ್ರಿ ನಮಗೆ ಬಹಳ ಬೇಕಾಗಿರುತ್ತದೆ.

ಇನ್ನೊಂದು, ಬೂಟಿನ ತಳ. ಇದನ್ನು ಯಾರೂ ಯೋಚಿಸುವುದಿಲ್ಲ. ಕೆಸರಿನಲ್ಲೋ ಹಿಮದಲ್ಲೋ ಇಪ್ಪತ್ತು ಜನರ ಹೆಜ್ಜೆ ಇದ್ದಾಗ, ನಮಗೆ ಬೇಕಾದವರ ಹೆಜ್ಜೆ ಯಾವುದೆಂದು ಗೊತ್ತಾದರೆ ಅರ್ಧ ದಿನ ಉಳಿಯುತ್ತದೆ. ಇಲ್ಲಿ ಮೆತ್ತನೆಯ ಟವೆಲಿನ ಮೇಲೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಹಾಸಿ, ಬೂಟು ಹಾಕಿಕೊಂಡು ಅದರ ಮೇಲೆ ನಿಂತು ಅಚ್ಚು ತೆಗೆದಿಡಿ ಅನ್ನುತ್ತೇವೆ. ಏನಾದರೂ ಸರಿ, ಅಚ್ಚು ಮೂಡಿದರೆ ಸಾಕು.

ಕೊಪ್ಪದ ತೋಟದಿಂದ

ಬೂಟಿನ ಅಚ್ಚಿನ ಮಾತು ಸರಿ. ನಮ್ಮ ಅಪ್ಪಯ್ಯ ಆಳುಗಳ ಬರಿಗಾಲಿನ ಹೆಜ್ಜೆ ನೋಡಿಯೇ ಯಾರು ಯಾವ ಕಡೆ ಹೋದರು ಅಂತ ಹೇಳುತ್ತಿದ್ದರು.

ಮೈಸೂರು ಅಮ್ಮ

ಹತ್ತು ದಿನ ಆಯಿತು ಇಲ್ಲಿ ಬರೆದು. ಮಗ ಈ ವಾರ ಮನೆಗೆ ಬಂದಿದ್ದ, ಇಲ್ಲಿಂದಲೇ ಕುಮಾರಪರ್ವತಕ್ಕೆ ಹೊರಟ. ನೀವೆಲ್ಲ ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಬೇಟೆಗಾರರ ಬ್ಯಾಗಿನ ವಿಷಯ ಬಂದಾಗ ಏನೂ ಮಾತಾಡಲಿಲ್ಲ. ಆಮೇಲೆ ತಾನೇ ಕಾಗದ ತೆಗೆದುಕೊಂಡು ಕೂತು ಬರೆದ. ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಕುಕ್ಕೆಯಿಂದ ಹತ್ತುವುದು, ಅಲ್ಲಿಗೇ ಇಳಿಯುವುದು, ಪರ್ಮಿಟ್ಟಿನ ನಂಬರು, ನೀಲಿ ಅಂಗಿ, ಹಸಿರು ಬ್ಯಾಗು, ಸ್ನೇಹಿತರಿಬ್ಬರ ಅಮ್ಮಂದಿರ ಫೋನು. ಅವರಿಗೆ ನಾನೇ ಫೋನ್ ಮಾಡಿ ಪರಿಚಯ ಮಾಡಿಕೊಂಡೆ. ಭಾನುವಾರ ರಾತ್ರಿ ಒಂಬತ್ತು ಅಂತ ಗಂಟೆಯನ್ನೂ ಬರೆದಿದ್ದಾನೆ. ಸೀಟಿ ಕೊರಳಿಗೆ ಹಾಕಿಕೊಂಡೇ ಬಾಗಿಲು ದಾಟಿದ.

ಅಲ್ಯೂಮಿನಿಯಂ ಹಾಳೆ ಮನೆಯಲ್ಲಿ ಇರಲಿಲ್ಲ. ಹೊಸ್ತಿಲ ಆಚೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ, ಬೂಟು ಹಾಕಿಕೊಂಡು ಅದರ ಮೇಲೆ ನಿಲ್ಲಲು ಹೇಳಿದೆ. ಗೆರೆಗೆರೆಯೂ ಮೂಡಿತು. ಫೋಟೊ ತೆಗೆದು ಇಟ್ಟುಕೊಂಡಿದ್ದೇನೆ. ಬಲಗಾಲಿನ ಹಿಮ್ಮಡಿ ಹೊರಗಡೆ ಸವೆದಿದೆ. ಚಿಕ್ಕವನಿದ್ದಾಗ ಅವನ ಚಪ್ಪಲಿಯೂ ಅಲ್ಲೇ ಸವೆಯುತ್ತಿತ್ತು.